100 ಮೆಗಾಹರ್ಟ್ಜ್ ಓಸಿಎಕ್ಸ್‌ಓ ಫೇಸ್ ನಾಯ್ಸ್ ಅಳೆಯೋಕೆ ಯಾವ ರೆಫರೆನ್ಸ್?

ಪ್ರಶ್ನೆ:
ಅಳೆಯಬೇಕಿರೋದು 100 ಮೆಗಾಹರ್ಟ್ಜ್ ಓಸಿಎಕ್ಸ್‌ಓದ (ಒಂದೇ ತಾಪಮಾನದಲ್ಲಿಟ್ಟ ಕ್ರಿಸ್ಟಲ್ ಆಸಿಲೇಟರ್) ಫೇಸ್ ನಾಯ್ಸ್, ಅಂದರೆ ಅದರ ಸಿಗ್ನಲ್‌ನ ಫೇಸ್‌ನಲ್ಲಾಗೋ ಸಣ್ಣ ಅಲುಗಾಟ. ಡೇಟಾಶೀಟ್ ಪ್ರಕಾರ 10 ಹರ್ಟ್ಜ್ ಆಫ್‌ಸೆಟ್‌ನಲ್ಲಿ (ಮುಖ್ಯ ಫ್ರೀಕ್ವೆನ್ಸಿಯಿಂದ ಅಷ್ಟು ದೂರದಲ್ಲಿ) −100, 100 ಹರ್ಟ್ಜ್‌ನಲ್ಲಿ −130, 10 ಕಿಲೋಹರ್ಟ್ಜ್‌ನಲ್ಲಿ −172 ಡಿಬಿಸಿ/ಹರ್ಟ್ಜ್ (ಮುಖ್ಯ ಸಿಗ್ನಲ್‌ಗೆ ಹೋಲಿಸಿದ ನಾಯ್ಸ್). ಎಸ್‌ಬಿಎಲ್-1 ಮಿಕ್ಸರ್, ಲೋ-ನಾಯ್ಸ್ ಆಂಪ್ಲಿಫೈಯರ್, ಎಫ್‌ಎಫ್‌ಟಿ ಅನಲೈಸರ್ ಇವೆ. ಹೋಲಿಸೋಕೆ ಬೇಕಾದ ರೆಫರೆನ್ಸ್‌ಗೆ ಜಿಪಿಎಸ್‌ಡಿಓದ (ಜಿಪಿಎಸ್‌ಗೆ ಹೊಂದಿಸಿಕೊಳ್ಳೋ ಆಸಿಲೇಟರ್) 10 ಮೆಗಾಹರ್ಟ್ಜ್ ಅನ್ನು ಹತ್ತು ಪಟ್ಟು ಮಾಡಿ ಬಳಸಬಹುದೇ, ಅಥವಾ ಇದೇ ಮಾಡೆಲ್‌ನ ಇನ್ನೊಂದನ್ನ ಕೊಳ್ಳಬೇಕೇ?

ಉತ್ತರ 1:
ಇನ್ನೊಂದನ್ನ ಕೊಳ್ಳಿ. ಜಿಪಿಎಸ್ ಕೊಡೋದು ದೀರ್ಘಾವಧಿಯ ನಿಖರತೆ. 1 ಹರ್ಟ್ಜ್‌ನಿಂದಾಚೆ ನಾಯ್ಸ್ ನಿರ್ಧರಿಸೋದು ಒಳಗಿರುವ ಕ್ರಿಸ್ಟಲ್ಲೇ. ಹತ್ತು ಪಟ್ಟು ಮಾಡಿದರೆ ಅದಕ್ಕೆ 20 ಡಿಬಿ ಸೇರತ್ತೆ. ಒಳ್ಳೆಯ 10 ಮೆಗಾಹರ್ಟ್ಜ್ ಓಸಿಎಕ್ಸ್‌ಓ 10 ಹರ್ಟ್ಜ್‌ನಲ್ಲಿ −130, ದೂರದಲ್ಲಿ −160 ಇದ್ದರೆ, ಅದು −110 ಮತ್ತು −140 ಆಗತ್ತೆ. ಅಂದರೆ ಹತ್ತಿರದಲ್ಲಿ ನಿಮ್ಮದಕ್ಕಿಂತ 10 ಡಿಬಿ ಚೆನ್ನ, 10 ಕಿಲೋಹರ್ಟ್ಜ್‌ನಲ್ಲಿ 32 ಡಿಬಿ ಕೆಟ್ಟದ್ದು. ಅಲ್ಲಿ ನೀವು ಅಳೆಯೋದು ರೆಫರೆನ್ಸನ್ನೇ.

ರೆಫರೆನ್ಸ್ 10 ಡಿಬಿ ಚೆನ್ನಾಗಿದ್ದರೆ ತಪ್ಪು 0.4 ಡಿಬಿ, 6 ಡಿಬಿ ಇದ್ದರೆ 1 ಡಿಬಿ. ಎರಡೂ ಸಮ ಅಂದುಕೊಂಡರೆ 3 ಡಿಬಿ ಕಳೆಯಿರಿ, ಆದರೆ ಸಮ ಅನ್ನೋದು ಬರೀ ಊಹೆ. ಮೂರನೆಯದೊಂದು ಸಿಕ್ಕರೆ ಮೂರು ಜೋಡಿ ಅಳೆದು ಒಂದೊಂದರ ನಾಯ್ಸ್ ಬಿಡಿಸಿಕೊಳ್ಳಿ. ಲೆಕ್ಕ ಡಿಬಿಯಲ್ಲಲ್ಲ, ಪವರ್‌ನಲ್ಲಿ.

ಉತ್ತರ 2:
ಎರಡು ಆಸಿಲೇಟರ್‌ಗಳನ್ನ ಒಂದೇ ಫ್ರೀಕ್ವೆನ್ಸಿಯಲ್ಲಿ ಹಿಡಿದಿಡೋ ಲಾಕ್ ಸುಲಭವಾಗಲಿ ಅಂತ ಅಗಲ ಟ್ಯೂನಿಂಗ್‌ನ ವಿಸಿಎಕ್ಸ್‌ಓ (ವೋಲ್ಟೇಜ್‌ನಿಂದ ಟ್ಯೂನ್ ಆಗೋ ಕ್ರಿಸ್ಟಲ್ ಆಸಿಲೇಟರ್) ಕಡೆ ಹೋಗಬೇಡಿ. 5 ಕಿಲೋಹರ್ಟ್ಜ್/ವೋಲ್ಟ್ ಇದ್ದರೆ, ಟ್ಯೂನಿಂಗ್ ಲೈನಿನ ಬರೀ 100 ನ್ಯಾನೋವೋಲ್ಟ್/√ಹರ್ಟ್ಜ್ ನಾಯ್ಸೇ 100 ಹರ್ಟ್ಜ್‌ನಲ್ಲಿ −109 ಕೊಡತ್ತೆ. ನಿಮಗೆ ಬೇಕಿರೋದು −130.

ಒಂದೇ ಮಾಡೆಲ್‌ನ ಎರಡು ಆಸಿಲೇಟರ್ ಇಟ್ಟಾಗ ಇನ್ನೊಂದು ಕಾಟ: ಮಿಕ್ಸರ್ ಮೂಲಕ ಸೋರಿ ಒಂದನ್ನೊಂದು ಎಳೀತವೆ. ಬೀಟ್ (ಎರಡರ ಫ್ರೀಕ್ವೆನ್ಸಿ ವ್ಯತ್ಯಾಸದ ಅಲೆ) ನಿಧಾನ ಮಾಡುತ್ತಾ ಸ್ಕೋಪ್ ನೋಡಿ. ಅಲೆ ಒಂದು ಕಡೆಗೆ ವಾಲಿ, ಆಮೇಲೆ ಟಕ್ಕಂತ ನಿಂತರೆ ಅದು ಇಂಜೆಕ್ಷನ್ ಲಾಕ್, ಅಂದರೆ ಒಂದು ಇನ್ನೊಂದಕ್ಕೆ ತಾನೇ ಅಂಟಿಕೊಂಡಿದೆ. ಎರಡೂ ಕಡೆ, ಸಿಗ್ನಲ್ ಹಿಂದಕ್ಕೆ ಸೋರದಂತೆ ತಡೆಯೋ ಐಸೋಲೇಷನ್ ಆಂಪ್ಲಿಫೈಯರ್ ಹಾಕಿ. ಪ್ಯಾಡ್ (ಸಿಗ್ನಲ್ ತಗ್ಗಿಸೋ ಅಟೆನ್ಯುಯೇಟರ್) ಒಂದೇ ಸಾಲದು, ಎಸ್‌ಬಿಎಲ್-1ರ ಎಲ್‌ಓ ಪೋರ್ಟ್‌ಗೆ (ಮಿಕ್ಸರನ್ನ ನಡೆಸೋ ಇನ್‌ಪುಟ್) +7 ಡಿಬಿಎಂ ಉಳಿಯಲೇಬೇಕು.

ಪ್ರಶ್ನಿಸಿದವರು:
ಬೀಟ್ ತ್ರಿಕೋನದ ಹಾಗೆ ಬರ್ತಿದೆ. ಪೀಕ್ ವೋಲ್ಟೇಜನ್ನೇ ಕ್ಯಾಲಿಬ್ರೇಷನ್‌ಗೆ ತಗೊಳ್ಳಬಹುದಾ?

ಉತ್ತರ 2:
ಬೇಡ. ಎರಡೂ ಪೋರ್ಟ್ ಸ್ಯಾಚುರೇಟ್ ಆಗಿರೋದರಿಂದ ಹಾಗಾಗ್ತಿದೆ, ಅದರಲ್ಲಿ ತೊಂದರೆಯಿಲ್ಲ. ಸೊನ್ನೆ ದಾಟುವಲ್ಲಿನ ಇಳಿಜಾರನ್ನ ವೋಲ್ಟ್/ರೇಡಿಯನ್‌ನಲ್ಲಿ ತಗೊಳ್ಳಿ. ನಾಯ್ಸಿನಿಂದ ಆಂಪ್ಲಿಫೈಯರ್ ಗೇನ್, 20 ಲಾಗ್ ಇಳಿಜಾರು, ಜೊತೆಗೆ 3 ಡಿಬಿ ಕಳೆಯಿರಿ. 6 ಡಿಬಿ ಕಳೆಯೋದು ಸೈನ್ ಬೀಟ್‌ನ ಆರ್‌ಎಂಎಸ್ ಬೆಲೆಗೆ ಹೋಲಿಸಿದಾಗ ಮಾತ್ರ. ಇವೆರಡು ಬೆರೆತರೆ ಆಸಿಲೇಟರ್ 3 ಡಿಬಿ ಒಳ್ಳೆಯದಾಗಿ ಕಾಣತ್ತೆ, ಯಾರಿಗೂ ಅನುಮಾನ ಬರಲ್ಲ! ಲಾಕ್ ಮಾಡೋ ಲೂಪಿನ ಬ್ಯಾಂಡ್‌ವಿಡ್ತ್ 1 ಹರ್ಟ್ಜ್ ಆಸುಪಾಸಿನಲ್ಲಿರಲಿ, ಇಲ್ಲದಿದ್ದರೆ 10 ಹರ್ಟ್ಜ್‌ನ ನಾಯ್ಸನ್ನ ಲೂಪೇ ನುಂಗತ್ತೆ.

ಉತ್ತರ 3:
ರೆಫರೆನ್ಸ್ ಸರಿಹೋದರೂ −172 ಕಷ್ಟ. ಇಳಿಜಾರು 0.3 ವೋಲ್ಟ್/ರೇಡಿಯನ್, ಆಂಪ್ಲಿಫೈಯರ್ 1 ನ್ಯಾನೋವೋಲ್ಟ್/√ಹರ್ಟ್ಜ್ ಅಂದುಕೊಂಡರೆ ಬೆಂಚಿನ ನಾಯ್ಸ್ ತಳವೇ ಸುಮಾರು −172.6. ಅಲ್ಲಿಗೆ ಎರಡು ರೆಫರೆನ್ಸ್, ಎರಡು ಮಿಕ್ಸರ್ ಇಟ್ಟು ಕ್ರಾಸ್-ಕೋರಿಲೇಷನ್ (ಎರಡರಲ್ಲೂ ಸಮಾನವಾಗಿರೋದನ್ನ ಮಾತ್ರ ಉಳಿಸೋ ಸರಾಸರಿ) ಮಾಡಬೇಕು: 100 ಸರಾಸರಿಗೆ 10 ಡಿಬಿ, 10,000ಕ್ಕೆ 20 ಡಿಬಿ ಇಳಿಯತ್ತೆ. ಮೊದಲು 1 ಕಿಲೋಹರ್ಟ್ಜ್‌ವರೆಗೆ ಅಳೆದು ನೋಡಿ, ಅಷ್ಟಕ್ಕೆ ಎರಡು ಓಸಿಎಕ್ಸ್‌ಓ ಸಾಕು.