ಹತ್ತನೇ ಕ್ಲಾಸಿನ ನಿಮಗೇ ಈಗ ಏನು ಹೇಳ್ತೀರಿ? ಪಿಯು ಸೇರೋ ಮುಂಚೆ ನಿಮ್ಮ ಅನುಭವ ಬೇಕು

ಕುಮುದ್ವತಿ ದಡದವಳು:
ಅಕ್ಕ, ಅಣ್ಣಂದಿರಿಗೆ ನಮಸ್ಕಾರ. ನಮ್ಮದು ಹಿರೇಕೆರೂರು ತಾಲ್ಲೂಕು. ಒಂದನೇ ಕ್ಲಾಸಿಂದ ಹತ್ತರವರೆಗೂ ಊರಿನ ಸರ್ಕಾರಿ ಶಾಲೆ, ಕನ್ನಡ ಮಾಧ್ಯಮ. ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 571 ಬಂದಿದೆ. ಪಿಯುನಲ್ಲಿ ಪಿಸಿಎಂಬಿ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್, ಬಯಾಲಜಿ) ತಗೊಳ್ಳೋದಾ, ಪಿಸಿಎಂಸಿ (ಬಯಾಲಜಿ ಬದಲು ಕಂಪ್ಯೂಟರ್ ಸೈನ್ಸ್) ತಗೊಳ್ಳೋದಾ ತಿಳೀತಿಲ್ಲ. ಮಾವ ಕರಾವಳಿ ಕಡೆಯ ಹಾಸ್ಟೆಲ್ ಕಾಲೇಜಿಗೆ ಹಾಕೋಣ ಅಂತಾರೆ, ಅಪ್ಪಾಜಿ ತಾಲ್ಲೂಕಿನ ಸರ್ಕಾರಿ ಕಾಲೇಜೇ ಸಾಕು ಅಂತಾರೆ. ನೀವೆಲ್ಲ ಈಗ ಡಿಗ್ರಿ ಓದ್ತಿದ್ದೀರಿ. ಹತ್ತನೇ ಕ್ಲಾಸಿನ ನೀವೇ ಎದುರಿಗೆ ಬಂದು ನಿಂತ್ರೆ ಏನು ಹೇಳ್ತೀರಿ? ಈ ವಾರದೊಳಗೆ ಅರ್ಜಿ ಹಾಕಬೇಕು.

ಬ್ಯಾಡಗಿ ಹುಡುಗ:
ತಂಗಿ, ಹಾಸ್ಟೆಲ್ ಕಾಲೇಜು ಅಂದ್ಯಲ್ಲ, ಮೊದಲು ರೊಕ್ಕದ ಲೆಕ್ಕ ಕೇಳು. ನಮ್ಮಪ್ಪನ್ನ ಎದುರಿಗೆ ಕುಂದ್ರಿಸಿ ಹೇಳಿದ್ದು 1,85,000, ಎಲ್ಲಾ ಸೇರಿ ಅಂತ. ಸೇರಿದ ಮ್ಯಾಲೆ ಯೂನಿಫಾರ್ಮ್, ಶೂ, ಹಾಸಿಗಿ 9,500. ಸ್ಟಡಿ ಮಟೀರಿಯಲ್ 14,000. ಕಾಶನ್ ಡಿಪಾಸಿಟ್ 10,000. ಎರಡನೇ ವರ್ಷ ಫೀ 2,10,000ಕ್ಕ ಏರಿತು, ಯಾಕ ಅಂತ ಕೇಳಿದ್ರ ಒಂದು ಸರ್ಕ್ಯುಲರ್ ತೋರಿಸಿದ್ರು. ಪರೀಕ್ಷೆ ಮುಗಿದ ಮ್ಯಾಲೆ ಸಿಇಟಿ (ಸೀಟು ಹಂಚೋ ರಾಜ್ಯದ ಪ್ರವೇಶ ಪರೀಕ್ಷೆ) ಕ್ರ್ಯಾಶ್ ಕೋರ್ಸ್ 12,000, ಅದು ಬ್ಯಾಡ ಅಂದ್ರ ಹಾಸ್ಟೆಲ್ ಖಾಲಿ ಮಾಡು ಅಂದ್ರು. ಒಟ್ಟು 4,40,500. ಡಿಪಾಸಿಟ್ ತಿರುಗಿ ಕೊಡೋವಾಗ ಫ್ಯಾನಿನ ರೆಗ್ಯುಲೇಟರ್, ಕಿಟಕಿ ಗಾಜು ಅಂತ ರೊಕ್ಕ ಮುರಕೊಂಡು 3,800 ಕೈಯಾಗ ಇಟ್ರು. ಆ ಕಿಟಕಿಗೆ ನಾವು ಹೋದಾಗಿಂದ ಗಾಜ ಇರಲಿಲ್ಲ, ರಟ್ಟು ಬಡದಿದ್ರು. ಅವ್ವನ ಬೋರಮಾಳ ಇನ್ನೂ ಬ್ಯಾಂಕಿನ್ಯಾಗ ಐತಿ.

ಓದು ಹೆಂಗಿತ್ತು ಅಂದ್ರ, ಮೊದಲನೇ ಟೆಸ್ಟ್ ಆದ ಕೂಡ್ಲೆ ಅಂಕ ನೋಡಿ ಸೆಕ್ಷನ್ ಮಾಡ್ತಾರ. ನಾನೂ ಕನ್ನಡ ಮಾಧ್ಯಮದಾಂವ. ಫಿಸಿಕ್ಸ್ ಲೆಕ್ಕ ಬರ್ತಿತ್ತು, ಇಂಗ್ಲಿಷಿನ್ಯಾಗ ಏನು ಕೇಳ್ಯಾರ ಅಂತ ಓದೋದ್ರಾಗ ಟೈಮ್ ಮುಗೀತಿತ್ತು. ಕಡೀ ಸೆಕ್ಷನ್ನಿಗೆ ಒಗದ್ರು. ಛಲೋ ಲೆಕ್ಚರರ್ ಎಲ್ಲಾರೂ ಎ ಸೆಕ್ಷನ್ನಿಗೆ, ಫೀ ಮಾತ್ರ ಎಲ್ಲಾರಿಗೂ ಒಂದ. ಈಗ ದಾವಣಗೆರಿಯಾಗ ಸಿವಿಲ್ ಓದಾಕತ್ತೀನಿ. ಈ ಸೀಟು ಊರಾಗ ಇದ್ದು ಓದಿದ್ರೂ ಬರ್ತಿತ್ತು.

ಪುತ್ತೂರಿನವ:
ಎಲ್ಲ ಕಾಲೇಜಿಗೂ ಒಂದೇ ಮಸಿ ಬಳಿಯುವುದು ಬೇಡ. ನಾನೂ ಅದೇ ಕರಾವಳಿಯ ಹಾಸ್ಟೆಲಿನಲ್ಲಿ ಓದಿದವ. ಬೆಳಿಗ್ಗೆ ಐದಕ್ಕೆ ಎಬ್ಬಿಸುತ್ತಿದ್ದರು, ರಾತ್ರಿ ಹತ್ತೂವರೆವರೆಗೆ ಸ್ಟಡಿ ಅವರ್, ಮೊಬೈಲ್ ಮುಟ್ಟಲಿಕ್ಕಿಲ್ಲ. ಮೂರು ಸಬ್ಜೆಕ್ಟಲ್ಲಿ 300ಕ್ಕೆ 294 ಬಂತು. ಇಂಜಿನಿಯರಿಂಗ್ ರ‍್ಯಾಂಕಿಗೆ ಪಿಯು ಪಿಸಿಎಂ ಅಂಕ ಅರ್ಧ, ಸಿಇಟಿಯ 180 ಅಂಕ ಅರ್ಧ. ಇದು ಗೊತ್ತಿದ್ದೂ ಬರೀ ಸಿಇಟಿ ಉಜ್ಜಿ ಬೋರ್ಡ್ ಪರೀಕ್ಷೆ ಹಾಳು ಮಾಡಿಕೊಂಡವರು ನನ್ನ ರೂಮಿನಲ್ಲೇ ಇದ್ದರು. ನಮ್ಮ ಕೆಮಿಸ್ಟ್ರಿ ಮೇಡಂ ಬೋರ್ಡ್ ಪರೀಕ್ಷೆ ಮುಗಿಯುವವರೆಗೆ ಸಿಇಟಿ ಪುಸ್ತಕ ಮುಚ್ಚಿಸಿದ್ದರು, ಅವರ ಉಪಕಾರ ನಾನು ಮರೆಯುವುದಿಲ್ಲ. ಬೆಂಗಳೂರಿನಲ್ಲಿ ಸರ್ಕಾರಿ ಕೋಟಾದಲ್ಲೇ ಕಂಪ್ಯೂಟರ್ ಸೈನ್ಸ್ ಸಿಕ್ಕಿತು. ನನ್ನಪ್ಪ ಅಡಿಕೆ ಮಾರಿ ಕಟ್ಟಿದ ದುಡ್ಡು ಅದು, ಒಂದು ರೂಪಾಯಿಯೂ ದಂಡವಾಗಲಿಲ್ಲ. ಓದುವವ ಓದಿದ್ದರೆ ಕೊನೆಯ ಸೆಕ್ಷನ್ನಿನಿಂದಲೂ ಮೇಲೆ ಬರಬಹುದಿತ್ತು.

ಬ್ಯಾಡಗಿ ಹುಡುಗ:
ಓದುವವ ಓದಿದ್ದರೆ ಅಂದ್ರ ಏನ್ರಿ ಅರ್ಥ? ನೀವು ಒಂದನೇ ಕ್ಲಾಸಿಂದ ಇಂಗ್ಲಿಷ್ ಮೀಡಿಯಂ ಇರಬೇಕು. ನಾನು ದೀಪ ಆರಿಸಿದ ಮ್ಯಾಲೆ ಬಾತ್‌ರೂಮಿನ ಲೈಟಿನ್ಯಾಗ ನಿಂತು ನೋಟ್ಸಿನ ಅಂಚಿಗೆ ಪೆನ್ಸಿಲಿನಿಂದ ಕನ್ನಡ ಬರಕೋತಿದ್ದೆ. ನೀವು ಅದನ್ನ ನೋಡಿಲ್ಲ. ನೋಡದ ಮಾತಾಡಬ್ಯಾಡ್ರಿ.

ಲೇಥ್ ಮುಟ್ಟಿದವನು:
ಪಿಯು ಒಂದೇ ದಾರಿ ಅನ್ನೋ ಹಾಗೆ ಎಲ್ಲರೂ ಮಾತಾಡ್ತಿದ್ದಾರೆ. ನಾನು ತುಮಕೂರು ಕಡೆಯವನು, ಹತ್ತನೇದು ಆದ ಮೇಲೆ ಡಿಪ್ಲೊಮಾ ಮೆಕ್ಯಾನಿಕಲ್, ಸರ್ಕಾರಿ ಪಾಲಿಟೆಕ್ನಿಕ್. ಮೂರು ವರ್ಷ. ಯಾವ ವರ್ಷವೂ ಫೀಸು ಐದು ಸಾವಿರ ದಾಟಲಿಲ್ಲ. ಡ್ರಾಯಿಂಗಿಗೆ ಬೇಕಾದ ಮಿನಿ ಡ್ರಾಫ್ಟರ್ 850 ರೂಪಾಯಿ, ಅದೂ ಸೀನಿಯರ್ ಹತ್ರ 300ಕ್ಕೆ ಸಿಕ್ತು. ವರ್ಕ್‌ಶಾಪಿನ ಖಾಕಿ ಬಟ್ಟೆ ನಮ್ಮೂರ ಟೈಲರೇ ಹೊಲಿದುಕೊಟ್ಟ. ಕೊನೆಗೆ ಡಿಸಿಇಟಿ (ಡಿಪ್ಲೊಮಾದವರ ಪ್ರವೇಶ ಪರೀಕ್ಷೆ) ಬರೆದು ನೇರ ಎರಡನೇ ವರ್ಷದ ಬಿಇಗೆ ಬಂದೆ. ಪಿಯು ಮಾಡಿ ಬಂದ ಹುಡುಗರು ಲೋಹ ಕಡೆಯೋ ಲೇಥ್ ಯಂತ್ರದ ಮುಂದೆ ಕೈಕಟ್ಟಿ ನಿಂತಿದ್ರು, ನಾನು ಜಾಬ್ (ಕಡೆಯಬೇಕಾದ ತುಂಡು) ಸೆಟ್ ಮಾಡಿ ಟರ್ನಿಂಗ್ ಮುಗಿಸಿದ್ದೆ. ಕಷ್ಟ ಆಗಿದ್ದು ಗಣಿತದಲ್ಲಿ. ನಮ್ಮಂಥವರಿಗೇ ಅಂತ ಅಡಿಷನಲ್ ಮ್ಯಾಥ್ಸ್ ಪೇಪರ್ ಇಡ್ತಾರೆ, ಅದರ ಜೊತೆಗೇ ಮೂರನೇ ಸೆಮಿಸ್ಟರಿನ ಮಾಮೂಲಿ ಗಣಿತ, ಎಮ್‌ತ್ರೀ ಓಡ್ತಿರುತ್ತೆ. ಆ ಸೆಮಿಸ್ಟರ್ ನಿದ್ದೆ ಇಲ್ಲ. ಆದರೂ ಹತ್ತನೇ ಕ್ಲಾಸಿನ ನನಗೆ ಇನ್ನೊಮ್ಮೆ ಅದನ್ನೇ ಹೇಳ್ತೀನಿ, ಡಿಪ್ಲೊಮಾಗೆ ಹೋಗು ಅಂತ. ನೆಂಟರು ‘ಕಡಿಮೆ ಮಾರ್ಕ್ಸಾ?’ ಅಂತ ಕೇಳ್ತಾರೆ, ಕೇಳಲಿ.

ಕೆಂಪು ಬಸ್ಸಿನ ಅಕ್ಕ:
ನಾನು ಸರ್ಕಾರಿ ಪಿಯು ಕಾಲೇಜಲ್ಲೇ ಓದಿದವಳು, ಶಿವಮೊಗ್ಗ ಜಿಲ್ಲೆ. ಆರೂವರೆ ಬಸ್ಸು ತಪ್ಪಿದ್ರೆ ಮುಂದಿನದು ಎಂಟೂಕಾಲಿಗೆ, ಅಷ್ಟರಲ್ಲಿ ಮೊದಲ ಪೀರಿಯಡ್ ಮುಗಿದಿರ್ತಿತ್ತು. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಟಿಕೆಟ್ ದುಡ್ಡು ಉಳಿತು, ಆದರೆ ನಮ್ಮ ಸ್ಟಾಪಿಗೆ ಬರೋಷ್ಟರಲ್ಲಿ ಕಾಲಿಡೋಕೂ ಜಾಗ ಇರ್ತಿರಲಿಲ್ಲ, ಫುಟ್‌ಬೋರ್ಡಿನಲ್ಲಿ ಬ್ಯಾಗ್ ಮುಂದೆ ಹಾಕ್ಕೊಂಡು ನಿಲ್ತಿದ್ದೆ. ನವೆಂಬರ್‌ವರೆಗೆ ಮ್ಯಾಥ್ಸ್‌ಗೆ ಅತಿಥಿ ಉಪನ್ಯಾಸಕರೇ ಬಂದಿರಲಿಲ್ಲ. ಫಿಸಿಕ್ಸ್ ಸರ್ ಒಬ್ಬರೇ ತಮ್ಮ ಪಾಠ ಮುಗಿಸಿ ಡಿಫರೆನ್ಸಿಯೇಷನ್ನೂ ಮಾಡಿಸ್ತಿದ್ರು. ಎರಡು ವರ್ಷದ ಪುಸ್ತಕ, ಗೈಡು, ಲ್ಯಾಬ್ ರೆಕಾರ್ಡ್, ಎಲ್ಲಾ ಸೇರಿ ಹತ್ತು ಸಾವಿರದೊಳಗೆ. ಈಗ ಮೈಸೂರಲ್ಲಿ ಎಲೆಕ್ಟ್ರಾನಿಕ್ಸ್ ಓದ್ತಿದ್ದೀನಿ. ಸೀಟು ಬಂದದ್ದು ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಮೀಸಲಾತಿ ಎರಡನ್ನೂ ಕ್ಲೇಮ್ ಮಾಡಿದ್ದಕ್ಕೆ.

ಪುತ್ತೂರಿನವ:
ಅಂದರೆ ಕೋಟಾ ಇಲ್ಲದಿದ್ದರೆ ಆ ಸೀಟು ಬರುತ್ತಿರಲಿಲ್ಲ ಎಂದಾಯಿತು. ಹಾಗಾದರೆ ಸರ್ಕಾರಿ ಕಾಲೇಜಿನಲ್ಲಿ ಓದಿಯೇ ಸಿಕ್ಕಿತು ಎಂದು ಹೇಳುವುದು ಸರಿಯಲ್ಲ.

ಕೆಂಪು ಬಸ್ಸಿನ ಅಕ್ಕ:
ಗಣಿತಕ್ಕೆ ಲೆಕ್ಚರರ್ ಇಲ್ಲದೆ ನವೆಂಬರ್‌ವರೆಗೆ ಕೂತವಳ ಅಂಕವನ್ನೂ, ಎ ಸೆಕ್ಷನ್ನಿನ ಮೇಡಂ ಎದುರು ಕೂತವರ ಅಂಕವನ್ನೂ ಒಂದೇ ತಕ್ಕಡಿಗೆ ಹಾಕ್ತೀರಲ್ಲ, ಅದು ಸರಿನಾ? ಗ್ರಾಮೀಣಕ್ಕೆ ಶೇ 15, ಕನ್ನಡ ಮಾಧ್ಯಮಕ್ಕೆ ಶೇ 5 ಇಟ್ಟಿರೋದು ಇದಕ್ಕೇ. ನನ್ನ ಕ್ಲಾಸಲ್ಲಿ ನನಗಿಂತ ಚೆನ್ನಾಗಿ ಓದೋ ಹುಡುಗಿಯರನ್ನ ಎರಡನೇ ಪಿಯುಗೆ ಮದುವೆ ಮಾಡಿಕೊಟ್ರು. ನಾನು ಯಾರ ಸೀಟೂ ಕಿತ್ತುಕೊಂಡಿಲ್ಲ.

ಎಂಟನೇ ಕ್ಲಾಸು ಕಳೆದವನು:
ಮೀಸಲಾತಿ ಬಗ್ಗೆ ಜಗಳ ಆಡೋರಿಗೆ ನನ್ನ ಕಥೆ ಗೊತ್ತಾಗಲಿ. ಒಂದರಿಂದ ಏಳರವರೆಗೆ ಹಳ್ಳಿ ಶಾಲೆ, ಕನ್ನಡ ಮಾಧ್ಯಮ. ಎಂಟಕ್ಕೆ ‘ಒಳ್ಳೇ ಶಾಲೆ’ ಅಂತ ಪಟ್ಟಣದ ಇಂಗ್ಲಿಷ್ ಮೀಡಿಯಂಗೆ ಸೇರಿಸಿದ್ರು. ಗ್ರಾಮೀಣ ಕೋಟಾಕ್ಕೆ ಹಳ್ಳಿ ಶಾಲೆ, ಕನ್ನಡ ಮಾಧ್ಯಮ ಕೋಟಾಕ್ಕೆ ಕನ್ನಡ, ಎರಡಕ್ಕೂ ಒಂದರಿಂದ ಹತ್ತನೇವರೆಗೆ ಪೂರ್ತಿ ಹತ್ತು ವರ್ಷ ಓದಿರಬೇಕು. ಎರಡೂ ಕೋಟಾ ಒಂದೇ ಏಟಿಗೆ ಹೋಯ್ತು. ಯಾವ ಶಿಕ್ಷಕರೂ ಒಂದು ಮಾತು ಹೇಳಲಿಲ್ಲ. ಮೂರು ವರ್ಷದ ವ್ಯಾನ್ ಬಾಡಿಗೆನೇ 54,000, ಡೊನೇಷನ್ 30,000 ಬೇರೆ. ಪಟ್ಟಣ ಪಂಚಾಯಿತಿ ವ್ಯಾಪ್ತಿಯ ಶಾಲೆ ಗ್ರಾಮೀಣ ಅಲ್ಲ ಅನ್ನೋದೂ ಆಮೇಲೆ ತಿಳೀತು, ಎದುರಿಗೆ ಜೋಳದ ಹೊಲ ಇದ್ರೂ ಅಷ್ಟೇ.

ಮಂಡ್ಯ ಮರುಪ್ರಯತ್ನ:
ಪಿಸಿಎಂಬಿ ಅಂದ್ರೆ ಮನೇಲಿ ಡಾಕ್ಟರ್ ಅಂತಲೇ ತಿಳ್ಕೋತಾರೆ ಕಣಮ್ಮ. ನಾನು ಪಿಯು ಮುಗಿಸಿ ಒಂದು ವರ್ಷ ಲಾಂಗ್ ಟರ್ಮ್ (ಮೆಡಿಕಲ್ ಪ್ರವೇಶ ಪರೀಕ್ಷೆ ನೀಟ್‌ಗೆ ವರ್ಷಪೂರ್ತಿ ಕೋಚಿಂಗ್) ಕೂತೆ. ಕೋಚಿಂಗ್ 1,40,000, ಪಿಜಿ ರೂಮಿಗೆ ತಿಂಗಳಿಗೆ 7,500, ಟೆಸ್ಟ್ ಸೀರೀಸ್ ಬೇರೆ. 2024ರ ಮೇ 5ರ ನೀಟ್‌ನಲ್ಲಿ 720ಕ್ಕೆ 612. ಹಿಂದಿನ ವರ್ಷ ಇದೇ ಅಂಕಕ್ಕೆ ನಮ್ಮ ಸೀನಿಯರ್ ಒಬ್ಬರಿಗೆ ಸರ್ಕಾರಿ ಸೀಟು ಆಗಿತ್ತು. ನಮ್ಮ ವರ್ಷ ಮೊದಲ ಫಲಿತಾಂಶದಲ್ಲಿ 67 ಜನಕ್ಕೆ 720ಕ್ಕೆ 720, ರ‍್ಯಾಂಕೆಲ್ಲ ಎಲ್ಲೆಲ್ಲಿಗೋ ಹೋಯ್ತು. ಮರುಪರೀಕ್ಷೆ ಆಗುತ್ತೆ ಅಂತ ಜುಲೈ 23ರವರೆಗೆ ಪುಸ್ತಕ ಬಿಚ್ಚಿಟ್ಕೊಂಡೇ ಕೂತಿದ್ದೆ, ಸುಪ್ರೀಂ ಕೋರ್ಟ್ ಬೇಡ ಅಂತು. ಅಷ್ಟೊತ್ತಿಗೆ ಇಷ್ಟವಿದ್ದ ಬಿಎಸ್ಸಿ ಕಾಲೇಜಲ್ಲಿ ಸೀಟು ತುಂಬಿ ಹೋಗಿತ್ತು. ಕಷ್ಟಪಟ್ಟಿಲ್ಲ ಅಂತ ಯಾರಾದ್ರೂ ಅಂದ್ರೆ ಸಿಟ್ಟು ಬರುತ್ತೆ.

ಲೇಥ್ ಮುಟ್ಟಿದವನು:
ಅದಕ್ಕೇ ಹೇಳಿದ್ದು ಡಿಪ್ಲೊಮಾ ಅಂತ. ಪರೀಕ್ಷೆ ರದ್ದು, ಕೋರ್ಟು ಅಂತ ನಾವು ಕಾಯಲಿಲ್ಲ.

ಮಂಡ್ಯ ಮರುಪ್ರಯತ್ನ:
ಬಯಾಲಜಿ ಓದಬೇಕು ಅನ್ನೋರಿಗೆ ನಿಮ್ಮ ಡಿಪ್ಲೊಮಾದಲ್ಲಿ ಏನಿದೆ ಅಣ್ಣ? ಎಲ್ಲ ಗಾಯಕ್ಕೂ ನಿಮ್ಮದೇ ಮುಲಾಮು ಹಚ್ಚಬೇಡಿ.

ಕುಮುದ್ವತಿ ದಡದವಳು:
ಅಕ್ಕ ಅಣ್ಣ, ಜಗಳ ಬೇಡ. ಪಿಸಿಎಂಬಿನಾ ಪಿಸಿಎಂಸಿನಾ ಅಷ್ಟು ಹೇಳಿ.

ಧಾರವಾಡ ಕೃಷಿ:
ನಾನು ಪಿಸಿಎಂಬಿ, ನೀಟ್ ಬರೀಲೇ ಇಲ್ಲ. ಬಯಾಲಜಿ ಇದ್ದದ್ದಕ್ಕ ಸಿಇಟಿ ಮ್ಯಾಲೆ ಬಿಎಸ್ಸಿ ಅಗ್ರಿಗೆ ಬಂದೆ. ರೈತರ ಮಕ್ಕಳ ಕೋಟಾಕ್ಕ ಬ್ಯಾರೇ ಪ್ರಾಕ್ಟಿಕಲ್ ಪರೀಕ್ಷೆ ಇರ್ತೈತಿ, ಮೇಜಿನ ಮ್ಯಾಲೆ ಬೀಜ, ಗೊಬ್ಬರ, ಕಳೆ, ಸಲಕರಣೆ ಇಟ್ಟಿರ್ತಾರ. ನನ್ನ ಪಕ್ಕದ ಹುಡುಗ ಪ್ಯಾಟ್ಯಾಗ ಬೆಳದಾಂವ, ಹೊಲ ಅಜ್ಜನ ಹೆಸರಿಗೆ ಐತಿ ಅಷ್ಟ, ಕುಸುಬಿ ಬೀಜ ನೋಡಿ ಸೂರ್ಯಕಾಂತಿ ಅಂತ ಬರದ. ನಮ್ಮ ಮನ್ಯಾಗ ಎರಡೂ ಬಿತ್ತತಾರ, ನನಗ ಕಣ್ಣು ಮುಚ್ಚಿದ್ರೂ ಗೊತ್ತು. ತ್ರಾಸ ಆಗಿದ್ದು ತಹಶೀಲ್ದಾರ ಸರ್ಟಿಫಿಕೇಟಿಗೆ. ಪಹಣಿಯೊಳಗ ಅಪ್ಪನ ಹೆಸರಿನ ಅಕ್ಷರ ಒಂದು, ಆಧಾರ್‌ನ್ಯಾಗ ಒಂದು, ಆಫೀಸಿಗೆ ಅಲೆದು ಅಲೆದು ಚಪ್ಪಲಿ ಸವೀತು. ಪಿಸಿಎಂಸಿ ತಗೊಂಡಿದ್ರ ಈ ದಾರಿನ ಇರ್ತಿರಲಿಲ್ಲ.

ಪುತ್ತೂರಿನವ:
ಕೃಷಿ ಓದಿ ಕೊನೆಗೆ ಎಲ್ಲರೂ ಬ್ಯಾಂಕ್ ಪರೀಕ್ಷೆಯನ್ನೇ ಬರೆಯುತ್ತಾರಲ್ಲ?

ಧಾರವಾಡ ಕೃಷಿ:
ಇಂಜಿನಿಯರಿಂಗ್ ಓದಿದವರು ಏನ್ ಬರೀತಾರ ಹೇಳ್ರಿ. ನಮ್ಮ ಕೋಚಿಂಗ್ ರೂಮಿನ್ಯಾಗ ಅರ್ಧ ನಿಮ್ಮವರ ಅದಾರ.

ಕೆಂಪು ಬಸ್ಸಿನ ಅಕ್ಕ:
ಪುಟ್ಟಿ, ಇವರು ಆಡ್ಕೊಳ್ಲಿ. ಆ ಎರಡು ಕೋಟಾಕ್ಕೆ ಬೇಕಾದ ವ್ಯಾಸಂಗ ಪ್ರಮಾಣಪತ್ರದ ಫಾರ್ಮ್ ಈಗಲೇ ತಗೊಂಡು ನಿಮ್ಮ ಪ್ರೈಮರಿ, ಹೈಸ್ಕೂಲು ಎರಡೂ ಕಡೆ ಹೆಡ್‌ಮಾಸ್ಟರ್ ಸಹಿ ಹಾಕಿಸ್ಕೋ, ಆಮೇಲೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಲ್ಲಿ ಮೇಲುಸಹಿ. ನನ್ನ ಪ್ರೈಮರಿ ಹೆಡ್‌ಮಾಸ್ಟರ್ ವರ್ಗ ಆಗಿ, ಹೊಸಬರು ದಾಖಲಾತಿ ರಿಜಿಸ್ಟರ್ ಸಿಕ್ತಿಲ್ಲ ಅಂತ ದಿನ ತಳ್ಳಿದ್ರು. ಸಿಇಟಿ ಪರಿಶೀಲನೆಗೆ ಎರಡು ದಿನ ಇದ್ದಾಗ ಅಪ್ಪನೇ ಹೋಗಿ ಬೀರುವಿನ ಹಿಂದೆ ಬಿದ್ದಿದ್ದ ರಿಜಿಸ್ಟರ್ ಹುಡುಕಿ ಕೊಟ್ರು.

ಎಂಟನೇ ಕ್ಲಾಸು ಕಳೆದವನು:
ಅಕ್ಕ, ಏಳರವರೆಗಿನ ಹಳ್ಳಿ ಶಾಲೆಯ ಪ್ರಮಾಣಪತ್ರ ನನ್ನ ಹತ್ರ ಇದೆ. ಅದಕ್ಕೆ ಯಾವುದರಲ್ಲೂ ಬೆಲೆ ಇಲ್ವಾ?

ಕೆಂಪು ಬಸ್ಸಿನ ಅಕ್ಕ:
ಈ ಎರಡು ಕೋಟಾಕ್ಕೆ ಇಲ್ಲಪ್ಪ. ಹತ್ತು ಅಂದ್ರೆ ಹತ್ತೇ.