ನಿಶ್ಚಿತಾರ್ಥಕ್ಕೆ ಮೂರು ಹರಳಿನ ಉಂಗುರ: ಮನೆಯ ಗುಂಪಿನಲ್ಲಿ ನಡೆದ ಚರ್ಚೆ

ಮದುಮಗ: ಎಲ್ಲರಿಗೂ ನಮಸ್ಕಾರ. ಹುಡುಗಿಗೆ ಕೊಡಬೇಕೆಂದಿರುವ ಉಂಗುರದ ಚಿತ್ರವನ್ನು ಮೇಲೆ ಹಾಕಿದ್ದೇನೆ. ನಡುವೆ ಅರ್ಧ ಕ್ಯಾರೆಟ್ ವಜ್ರ, ಎರಡೂ ಬದಿಗೆ ಒಂದೊಂದು ನೀಲ, 18 ಕ್ಯಾರೆಟ್ ಚಿನ್ನ. ಅಶೋಕ ರಸ್ತೆಯ ಅಂಗಡಿಯಲ್ಲಿ ಇಬ್ಬರೂ ನೋಡಿ ಮೆಚ್ಚಿದ್ದೇವೆ. ಮುಂಗಡ ಕೊಡುವ ಮೊದಲು ಹಿರಿಯರ ಅಭಿಪ್ರಾಯ ಬೇಕು.

ದೊಡ್ಡಪ್ಪ, ಮಂಡ್ಯ: ನೋಡಿದೆ ಮಗು. ಶುಭಕಾರ್ಯಕ್ಕೆ ಮೂರರ ಲೆಕ್ಕ ಬೇಡವೆಂದು ನಮ್ಮಲ್ಲಿ ಹಿಂದಿನಿಂದಲೂ ಹೇಳುತ್ತಾರೆ. ಅದಕ್ಕಿಂತ ಮುಖ್ಯವಾಗಿ, ನೀಲ ಶನಿಯ ಹರಳು. ಜಾತಕ ತೋರಿಸದೆ ಬೇರೆ ಮನೆಯ ಹೆಣ್ಣುಮಗಳ ಬೆರಳಿಗೆ ಅದನ್ನು ತೊಡಿಸುವುದು ನನಗೆ ಸರಿಕಾಣದು. ಒಂಟಿ ಹರಳಿನದನ್ನೇ 22 ಕ್ಯಾರೆಟ್‌ನಲ್ಲಿ ಮಾಡಿಸಿ. ಕಷ್ಟಕಾಲಕ್ಕೆ ಆಗುವುದು ಚಿನ್ನವೇ ಹೊರತು ಹರಳಲ್ಲ.

ಅತ್ತೆ: ನೀಲ ಬೇಡವಾದರೆ ಪಚ್ಚೆ ಕೂರಿಸಿದರಾಯಿತಲ್ಲ, ಅಣ್ಣ? ಹಸಿರು ಮದುವೆ ಮನೆಗೆ ಶುಭ.

ಅಕ್ಕ: ದೊಡ್ಡಪ್ಪ, ಮೂರು ಆಗದು ಎಂಬುದನ್ನು ನಾನು ಒಪ್ಪಲಾರೆ. ತಾಳಿಗೆ ಮೂರು ಗಂಟು ಹಾಕಿಸುವವರೂ ನಾವೇ ಅಲ್ಲವೇ? ಆದರೆ ನೀಲದ ವಿಷಯದಲ್ಲಿ ನಿಮ್ಮ ಮಾತು ನಿಜ. ಆ ಕಡೆಯ ಹಿರಿಯರಲ್ಲಿ ಒಬ್ಬರಿಗೆ ಅಳುಕಿದ್ದರೂ, ಮುಂದೆ ಮನೆಯಲ್ಲಿ ಆಗುವ ಸಣ್ಣಪುಟ್ಟ ತೊಂದರೆಗೆಲ್ಲ ಆ ಉಂಗುರದ ಕಡೆಗೇ ಬೆರಳು ತೋರಿಸುತ್ತಾರೆ, ಆ ಮಾತನ್ನೆಲ್ಲ ಕೇಳಿಸಿಕೊಳ್ಳಬೇಕಾದವಳು ಅವಳು.

ಅತ್ತೆ, ಪಚ್ಚೆ ಮಾತ್ರ ದಯವಿಟ್ಟು ಬೇಡ. ಮೋಸ್ ಗಡಸುತನದ ಅಳತೆಯಲ್ಲಿ ವಜ್ರ 10, ಮಾಣಿಕ್ಯ ಮತ್ತು ನೀಲ 9, ಪಚ್ಚೆ 7.5ರಿಂದ 8. ಸಾಮಾನ್ಯವಾಗಿ ಪಚ್ಚೆಯ ಒಳಗೆ ಹುಟ್ಟಿನಿಂದಲೇ ಸಣ್ಣ ಬಿರುಕುಗಳಿರುತ್ತವೆ, ಅವು ಕಾಣದಿರಲೆಂದು ಎಣ್ಣೆ ತುಂಬುವುದು ವ್ಯಾಪಾರದಲ್ಲಿ ರೂಢಿ, ಬಿಸಿನೀರು ಸೋಪು ತಾಗುತ್ತಿದ್ದರೆ ಆ ಎಣ್ಣೆ ಇಳಿದು ಹರಳು ಮಂಕಾಗುತ್ತದೆ. ಹುಡುಗಿ ಆಸ್ಪತ್ರೆಯಲ್ಲಿ ಕೆಲಸ ಮಾಡುವವಳು, ದಿನಕ್ಕೆ ಹತ್ತಾರು ಸಲ ಕೈ ತೊಳೆಯುವವಳು. ಪಚ್ಚೆ ಓಲೆಗೆ, ಪದಕಕ್ಕೆ ಚೆನ್ನ. ಉಂಗುರಕ್ಕೆ ಕೆಂಪು ಇರಲಿ. ಮಾಣಿಕ್ಯವೂ ನೀಲವೂ ಒಂದೇ ಖನಿಜದ ಎರಡು ಬಣ್ಣಗಳಾದ್ದರಿಂದ ಬಾಳಿಕೆಯಲ್ಲಿ ಏನೂ ಕಡಿಮೆಯಾಗುವುದಿಲ್ಲ.

ಇನ್ನು 18 ಕ್ಯಾರೆಟ್. 22 ಕ್ಯಾರೆಟ್‌ನಲ್ಲಿ ಸಾವಿರಕ್ಕೆ 916 ಪಾಲು ಚಿನ್ನ, 18ರಲ್ಲಿ 750. ಉಳಿದದ್ದು ತಾಮ್ರ, ಬೆಳ್ಳಿಯಂಥ ಲೋಹ, ಗಟ್ಟಿತನ ಬರುವುದು ಅದರಿಂದಲೇ. ಚಿತ್ರವನ್ನು ದೊಡ್ಡದು ಮಾಡಿ ನೋಡಿ: ವಜ್ರವನ್ನೂ ಪಕ್ಕದ ಹರಳನ್ನೂ ಸೇರಿಸಿ ಹಿಡಿದಿರುವುದು ಒಂದೇ ಕೊಕ್ಕೆ. ಮೆದು ಚಿನ್ನದಲ್ಲಿ ಅದು ಬಾಗಿದರೆ ಎರಡು ಹರಳು ಒಟ್ಟಿಗೆ ಸಡಿಲವಾಗುತ್ತವೆ. ವಜ್ರ ತುಂಬಾ ಎತ್ತರಕ್ಕೂ ಕೂತಿದೆ, ಕೈಗವಸು ಹಾಕಿಕೊಳ್ಳುವಾಗ ಅದಕ್ಕೆ ಸಿಕ್ಕಿ ಗವಸು ಹರಿಯುತ್ತದೆ. ತಮ್ಮಾ, ಒಂದೊಂದು ಹರಳಿಗೂ ಅದರದೇ ನಾಲ್ಕು ಕೊಕ್ಕೆ ಕೊಟ್ಟು ತಗ್ಗಿಸಿ ಕೂರಿಸಲು ಹೇಳು.

ದೊಡ್ಡಪ್ಪ, ಮಂಡ್ಯ: ಗಟ್ಟಿತನದ ಮಾತು ಸರಿಯಮ್ಮ. ಆದರೆ ಹರಳನ್ನೂ ಚಿನ್ನದ ಜೊತೆಗೇ ತೂಗಿ ಚಿನ್ನದ ದರ ಹಾಕಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಅಕ್ಕ: ಅದಕ್ಕಾಗಿಯೇ ಬಿಲ್ಲಿನಲ್ಲಿ ಒಟ್ಟು ತೂಕ, ಹರಳಿನ ತೂಕ, ನಿವ್ವಳ ಚಿನ್ನದ ತೂಕ, ಮಜೂರಿ ಎಲ್ಲವನ್ನೂ ಬೇರೆಬೇರೆ ಬರೆಸಬೇಕು. ವಜ್ರದ ಒಂದು ಕ್ಯಾರೆಟ್ ಎಂದರೆ 200 ಮಿಲಿಗ್ರಾಂ, ಹಾಗಾಗಿ ನಡುವಿನ ಹರಳಿನ ತೂಕ 100 ಮಿಲಿಗ್ರಾಂ ಮಾತ್ರ. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಜೊತೆಗೆ ಅಕ್ಷರ ಮತ್ತು ಅಂಕಿ ಸೇರಿದ ಆರು ಸ್ಥಾನದ, ಒಂದೊಂದು ಒಡವೆಗೂ ಬೇರೆಯೇ ಆದ ಗುರುತಿನ ಎಚ್‌ಯುಐಡಿ ಸಂಖ್ಯೆ ಕಡ್ಡಾಯವಾಗಿದೆ, ಭಾರತೀಯ ಮಾನಕ ಬ್ಯೂರೋದ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಅದನ್ನು ಅಲ್ಲೇ ನಿಂತು ಪರೀಕ್ಷಿಸಬಹುದು. ಆದರೆ ಅದು ಚಿನ್ನದ ಶುದ್ಧತೆಗೆ ಮಾತ್ರ. ವಜ್ರ ಗಣಿಯದೋ ಪ್ರಯೋಗಾಲಯದಲ್ಲಿ ಬೆಳೆಸಿದ್ದೋ ಎಂಬುದಕ್ಕೆ ಪ್ರತ್ಯೇಕ ಪ್ರಮಾಣಪತ್ರ ಕೇಳಬೇಕು. ಎರಡೂ ಅಪ್ಪಟ ವಜ್ರವೇ, ಬರಿಗಣ್ಣಿಗೆ ವ್ಯತ್ಯಾಸ ತಿಳಿಯದು, ಬೆಲೆಯಲ್ಲಿ ಮಾತ್ರ ಬಹಳ ಅಂತರವಿದೆ.

ಮದುಮಗ: ಈಗಷ್ಟೇ ಅವಳ ಜೊತೆ ಮಾತನಾಡಿದೆ. ಕೆಂಪು ಅವಳಿಗೂ ಒಪ್ಪಿಗೆ, ತಗ್ಗಿಸಿ ಕೂರಿಸುವುದಂತೂ ಬಹಳ ಇಷ್ಟವಾಯಿತು.

ದೊಡ್ಡಪ್ಪ, ಮಂಡ್ಯ: ಹಾಗಾದರೆ ಮೂರು ಹರಳೇ ಇರಲಿ. ಮುಂಗಡ ಕೊಡುವ ದಿನ ನಾನೂ ಮೈಸೂರಿಗೆ ಬರುತ್ತೇನೆ, ತೂಕ ನನ್ನ ಎದುರಿಗೇ ಆಗಬೇಕು.