ಉಡುಪಿಯಲ್ಲಿ ದೈತ್ಯ ಕ್ಯಾಬೇಜ್ ಬೆಳೆದು ಬೀಜ ಮಾಡಬಹುದಾ?

ಪ್ರಶ್ನೆ: ಸರ್, ನಮಸ್ಕಾರ. ನಮ್ಮ ಮನೆ ಬ್ರಹ್ಮಾವರದ ಹತ್ತಿರ. ದೊಡ್ಡ ಜಾತಿಯ ಕ್ಯಾಬೇಜ್ ಬೀಜ ಆನ್‌ಲೈನ್‌ನಲ್ಲಿ ತರಿಸಿದ್ದೇನೆ. ಪ್ಯಾಕೆಟ್ ಮೇಲಿನ ಚಿತ್ರದಲ್ಲಿ ಮಗುವಿನಷ್ಟು ದೊಡ್ಡ ಗಡ್ಡೆ ಇದೆ, ಮೂಲೆಯಲ್ಲಿ ಎಫ್1 ಎಂದು ಬರೆದಿದೆ. ಇಲ್ಲಿ ಅಷ್ಟು ದೊಡ್ಡದಾಗುತ್ತದಾ? ಒಂದನ್ನು ಕೊಯ್ಯದೆ ಬಿಟ್ಟರೆ ಬೀಜ ಸಿಗಬಹುದಾ?

ಉತ್ತರ (ತೋಟಗಾರಿಕೆ ಸಲಹೆಗಾರ): ನಮಸ್ಕಾರ. ಬೆಳೆಯಿರಿ, ಖಂಡಿತ ಬೆಳೆಯಿರಿ. ಆದರೆ ಚಿತ್ರದಲ್ಲಿರುವ ಗಾತ್ರ ಇಲ್ಲಿ ಬರುವುದಿಲ್ಲ. ಅಂಥ ಕ್ಯಾಬೇಜಿಗೆ ಹೆಸರಾದ ಊರು ಅಲಾಸ್ಕಾದ ಪಾಮರ್. 2012ರಲ್ಲಿ ಅಲ್ಲಿನ ಜಾತ್ರೆಯಲ್ಲಿ ತೂಗಿದ ಕ್ಯಾಬೇಜ್ 62.71 ಕಿಲೋ ಇತ್ತು, ಗಿನ್ನೆಸ್ ದಾಖಲೆಯೂ ಆಯಿತು. ಅಲ್ಲಿ ಬೇಸಿಗೆಯಲ್ಲಿ ದಿನಕ್ಕೆ 19 ಗಂಟೆ ಬೆಳಕು, ಜೊತೆಗೆ ತಂಪು. ಎಲೆ ಬಾಡುವುದಿಲ್ಲ, ಬೆಳೆಯುವುದೂ ನಿಲ್ಲುವುದಿಲ್ಲ. ನಮ್ಮಲ್ಲಿ ಕ್ಯಾಬೇಜ್ ಬೆಳೆಯುವ ಡಿಸೆಂಬರ್, ಜನವರಿಯಲ್ಲಿ ಹಗಲು 11 ಗಂಟೆ ಚಿಲ್ಲರೆ ಮಾತ್ರ, ಬಿಸಿಲೂ ಜೋರು. ಪೇಟೆಯಲ್ಲಿ ಸಿಗುವ ಗಡ್ಡೆಗಿಂತ ದೊಡ್ಡದು ಬಂದರೆ ಅದೇ ಒಳ್ಳೆಯ ಬೆಳೆ.

ಮಳೆ ನಿಂತ ಮೇಲೆ ಸಸಿ ಮಾಡಿ. ನಾಲ್ಕು ವಾರದ ಸಸಿಯನ್ನು ನೆಡಿ. ದೊಡ್ಡ ಜಾತಿಗೆ ಗಿಡದಿಂದ ಗಿಡಕ್ಕೆ 3 ಅಡಿಯಾದರೂ ಜಾಗ ಬೇಕು. ನಮ್ಮ ಜಂಬಿಟ್ಟಿಗೆ ಮಣ್ಣು ಹುಳಿ. ಮಣ್ಣು ಪರೀಕ್ಷೆ ಮಾಡಿಸಿ, ಅವರು ಹೇಳಿದಷ್ಟು ಸುಣ್ಣ ಹಾಕಿ, ಆಮೇಲೆ ಹಟ್ಟಿಗೊಬ್ಬರ ಧಾರಾಳ ಕೊಡಿ. ಗಡ್ಡೆ ಕಟ್ಟುವಾಗ ನೀರು ಒಂದೇ ಹದದಲ್ಲಿರಲಿ. ಒಣಗಿಸಿ ಒಮ್ಮೆಲೇ ಜಾಸ್ತಿ ಬಿಟ್ಟರೆ ಗಡ್ಡೆ ಸೀಳುತ್ತದೆ. ಸುತ್ತ ಒಂದು ಸಾಲು ಸಾಸಿವೆ ಬಿತ್ತಿ. ಎಲೆ ತಿನ್ನುವ ಹುಳದ ಪತಂಗ ಮೊದಲು ಅದರ ಮೇಲೆ ಮೊಟ್ಟೆ ಇಡುತ್ತದೆ.

ಬೀಜದ ಆಸೆ ಮಾತ್ರ ಬಿಡಿ. ಕ್ಯಾಬೇಜ್ ಮೊದಲ ವರ್ಷ ಗಡ್ಡೆ ಕಟ್ಟಿ, ಚಳಿಗಾಲ ದಾಟಿದ ಮೇಲೆ ಹೂ ಬಿಡುವ ಗಿಡ. ಸುಮಾರು 10 ಡಿಗ್ರಿಗಿಂತ ಕೆಳಗಿನ ಚಳಿ ವಾರಗಟ್ಟಲೆ ಸಿಗದಿದ್ದರೆ ಹೂವಿನ ದಂಟೇ ಏಳುವುದಿಲ್ಲ. ಅದಕ್ಕೇ ನಮ್ಮ ದೇಶದಲ್ಲಿ ಇದರ ಬೀಜ ಕುಲ್ಲು ಕಣಿವೆ, ಕಾಶ್ಮೀರದಂಥ ಕಡೆ ಮಾಡುತ್ತಾರೆ. ನಮ್ಮಲ್ಲಿ ಕೊಯ್ಯದೆ ಬಿಟ್ಟ ಗಡ್ಡೆ ಸುಮ್ನೆ ಕೊಳೆಯುತ್ತದೆ.

ಇನ್ನೊಬ್ಬರು: ಸರ್, ಬೀಜವನ್ನೇ ಒಂದೆರಡು ತಿಂಗಳು ಫ್ರಿಜ್‌ನಲ್ಲಿಟ್ಟು ಬಿತ್ತಿದರೆ ಚಳಿ ಸಿಕ್ಕಿದ ಹಾಗೆ ಆಗುವುದಿಲ್ಲವಾ?

ಉತ್ತರ: ಒಳ್ಳೆಯ ಪ್ರಶ್ನೆ, ಆದರೆ ಆಗುವುದಿಲ್ಲ. ಕ್ಯಾಬೇಜಿನಲ್ಲಿ ಚಳಿಯ ಕೆಲಸ ನಡೆಯುವುದು ಬೆಳೆದ ಗಿಡದ ಮೇಲೆ. ದಂಟು ಪೆನ್ಸಿಲಿನಷ್ಟಾದರೂ ದಪ್ಪ ಆಗಿರಬೇಕು. ಬೀಜಕ್ಕೆ, ಎಳೆ ಸಸಿಗೆ ಅದು ತಾಗುವುದಿಲ್ಲ. ಇನ್ನೊಂದು ತೊಡಕು ಇದೆ. ಕ್ಯಾಬೇಜ್ ಹೂ ತನ್ನದೇ ಪರಾಗವನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ. ಹಾಗಾಗಿ ಒಂದೇ ಗಿಡ ಬಿಟ್ಟು ಪ್ರಯೋಜನವಿಲ್ಲ. ಹೂಕೋಸು, ನವಿಲುಕೋಸು, ಬ್ರೊಕೋಲಿ ಎಲ್ಲ ಒಂದೇ ಜಾತಿಯವು, ಹತ್ತಿರ ಹೂ ಬಿಟ್ಟರೆ ಬೆರೆತುಬಿಡುತ್ತವೆ. ಬೀಜ ಮಾಡುವವರು 1 ಕಿಲೋಮೀಟರಿಗಿಂತ ಹೆಚ್ಚು ಅಂತರ ಇಡುವುದು ಇದಕ್ಕೇ. ಅದೂ ಅಲ್ಲದೆ ನಿಮ್ಮ ಪ್ಯಾಕೆಟ್ ಎಫ್1, ಅಂದರೆ ಹೈಬ್ರಿಡ್. ಬೀಜ ಸಿಕ್ಕಿದರೂ ಮುಂದಿನ ಬೆಳೆಯಲ್ಲಿ ಒಂದೊಂದು ಗಿಡ ಒಂದೊಂದು ತರಹ.

ಪ್ರಶ್ನೆ ಕೇಳಿದವರು: ಅರ್ಥ ಆಯಿತು ಸರ್. ಹಾಗಾದರೆ ದೊಡ್ಡದೂ ಆಗಬೇಕು, ಬೀಜವೂ ನಮ್ಮದೇ ಆಗಬೇಕು ಅಂದರೆ ಏನು ಬೆಳೆಯುವುದು?

ಉತ್ತರ: ಕುಂಬಳ! ಸಿಹಿಗುಂಬಳವೂ ಆಗಬಹುದು, ಬೂದುಗುಂಬಳವೂ ಆಗಬಹುದು. ಇವೆರಡೂ ಒಂದಕ್ಕೊಂದು ಬೆರೆಯುವುದಿಲ್ಲ, ಪಕ್ಕಪಕ್ಕ ಹಬ್ಬಿಸಬಹುದು. ಹೈಬ್ರಿಡ್ ಬೇಡ, ಪರಿಚಯದ ಮನೆಯಲ್ಲಿ ಊರ ಬೀಜ ಕೇಳಿ ತನ್ನಿ. ಊರ ತಳಿ ಉಳಿಯುವುದು ಹೀಗೆ ಕೈಯಿಂದ ಕೈಗೆ ದಾಟಿದರೆ ಮಾತ್ರ, ಅದಕ್ಕೇ ಇದನ್ನು ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಮರುದಿನ ಅರಳುವ ಗಂಡು ಮತ್ತು ಹೆಣ್ಣು ಮೊಗ್ಗುಗಳನ್ನು ಸಂಜೆಯೇ ನೂಲಿನಿಂದ ಕಟ್ಟಿಡಿ. ಹೆಣ್ಣು ಮೊಗ್ಗಿನ ಬುಡದಲ್ಲಿ ಪುಟ್ಟ ಕಾಯಿ ಇರುತ್ತದೆ. ಬೆಳಿಗ್ಗೆ ಬೇಗ ಬಿಚ್ಚಿ, ಬೇರೆ ಬಳ್ಳಿಯ ಗಂಡು ಹೂವನ್ನು ಹೆಣ್ಣು ಹೂವಿನೊಳಗೆ ಒರೆಸಿ, ಜೇನುನೊಣ ನುಗ್ಗದ ಹಾಗೆ ಮತ್ತೆ ಕಟ್ಟಿ. ಆ ಕಾಯಿಗೆ ಬಣ್ಣದ ದಾರ ಕಟ್ಟಿ ಗುರುತು ಮಾಡಿ. ದೊಡ್ಡ ಕಾಯಿ ಬೇಕಿದ್ದರೆ ಬಳ್ಳಿಗೆ ಒಂದೆರಡೇ ಉಳಿಸಿ. ಪೂರ್ತಿ ಬಲಿತು ತೊಟ್ಟು ಒಣಗಿದ ಮೇಲೆ ಕೊಯ್ದು, ಇನ್ನೂ ಕೆಲವು ವಾರ ಹಾಗೇ ಇಟ್ಟು ಒಡೆಯಿರಿ. ಬೀಜ ತೊಳೆದು ನೆರಳಲ್ಲಿ ಒಣಗಿಸಿ, ಒಲೆಯ ಬೂದಿ ಬೆರೆಸಿ ಬಾಟಲಿಯಲ್ಲಿ ತುಂಬಿಡಿ. ನಮ್ಮ ಮಳೆಗಾಲದ ತೇವ ಒಳಗೆ ಹೋಗದ ಹಾಗೆ ಮುಚ್ಚಳ ಬಿಗಿಯಾಗಿರಲಿ.